ಊರು ಬಿಟ್ಟು ಬಂದ ಮಕ್ಕಳು ಮತ್ತು ನಮ್ಮ ಶಾಲೆಯ ಬಾಗಿಲು

(ದಾವಣಗೆರೆಯಲ್ಲಿ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಪೋಷಕರು ಸೇರಿದ್ದ ಸಭೆಯಲ್ಲಿ ನಿವೃತ್ತ ಮುಖ್ಯ ಶಿಕ್ಷಕಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೆ, ಶಿಕ್ಷಕ ಬಂಧುಗಳಿಗೆ, ಅಂಗನವಾಡಿಗಳಿಂದ ಬಂದಿರುವ ಅಕ್ಕಂದಿರಿಗೆ ನಮಸ್ಕಾರಗಳು.

ನಿರಾಶ್ರಿತರ ಮಕ್ಕಳು ಎಂದ ಕೂಡಲೇ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಟಿ.ವಿ.ಯಲ್ಲಿ ಕಂಡ ಸಿರಿಯಾ, ಉಕ್ರೇನ್, ಗಾಜಾಗಳ ದೃಶ್ಯಗಳು. ಅದು ದೂರದ ಸಂಗತಿ, ಅಯ್ಯೋ ಪಾಪ ಎನ್ನುವುದರ ಹೊರತು ನಮಗೆ ಅಲ್ಲಿ ಬೇರೆ ಕೆಲಸವಿಲ್ಲ ಎಂಬ ಭಾವನೆಯೂ ಆ ನೆನಪಿನ ಜೊತೆಗೇ ಬರುತ್ತದೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ 2024ರ ಕೊನೆಯ ಹೊತ್ತಿಗೆ ಯುದ್ಧ, ಹಿಂಸೆ, ಕಿರುಕುಳಗಳಿಂದಾಗಿ ನೆಲೆ ಕಳೆದುಕೊಂಡವರು 12 ಕೋಟಿ 30 ಲಕ್ಷಕ್ಕೂ ಹೆಚ್ಚು ಮಂದಿ, ಅವರಲ್ಲಿ ಸುಮಾರು ಶೇ 40ರಷ್ಟು ಮಕ್ಕಳು. ಇಷ್ಟು ದೊಡ್ಡ ಸಂಖ್ಯೆಯ ಮುಂದೆ ಮನಸ್ಸು ಮರಗಟ್ಟುವುದು ಸಹಜ. ಆದರೆ ಈ ವಿಷಯ ನಮ್ಮ ಜಿಲ್ಲೆಗೆ ಹೊರಗಿನದೇನೂ ಅಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಆರಂಭವಾದಾಗ, ಗಿಡಮೂಲಿಕೆಯ ಎಣ್ಣೆ ಮಾರಲು ಅಲ್ಲಿಗೆ ಹೋಗಿದ್ದ ಹಕ್ಕಿಪಿಕ್ಕಿ ಜನ ಗುಂಡಿನ ಸದ್ದಿನ ನಡುವೆ ಸಿಕ್ಕಿಕೊಂಡಿದ್ದರು. ಅವರಲ್ಲಿ ಹುಣಸೂರು, ಶಿವಮೊಗ್ಗದ ಕಡೆಯವರ ಜೊತೆಗೆ ನಮ್ಮ ಚನ್ನಗಿರಿ ತಾಲ್ಲೂಕಿನವರೂ ಇದ್ದರು. ‘ಆಪರೇಷನ್ ಕಾವೇರಿ’ಯ ಮೂಲಕ ಭಾರತೀಯರನ್ನು ಅಲ್ಲಿಂದ ಕರೆತರುವಾಗ ಇವರೂ ಮರಳಿದರು. ಅವರಿಗೆ ಹಿಂದಿರುಗಲು ಒಂದು ಊರಿತ್ತು, ಕರೆಸಿಕೊಳ್ಳಲು ಒಂದು ಸರ್ಕಾರವಿತ್ತು. ಇವೆರಡೂ ಇಲ್ಲದವರನ್ನೇ ನಾವು ನಿರಾಶ್ರಿತರು ಎನ್ನುವುದು.

ಅಂಥವರನ್ನು ಬರಮಾಡಿಕೊಂಡ ಅನುಭವವೂ ಈ ನಾಡಿಗೆ ಹೊಸದಲ್ಲ. ದಲೈ ಲಾಮಾ ಅವರು 1959ರಲ್ಲಿ ಭಾರತಕ್ಕೆ ಬಂದ ಮೇಲೆ, 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡದಲ್ಲಿ ಟಿಬೆಟನ್ನರ ವಸತಿಗಳು ಎದ್ದವು. ಮುಂಡಗೋಡದ ವಸತಿ ಶುರುವಾದಾಗ ಈ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪನವರು, ಚಿತ್ರದುರ್ಗದಲ್ಲಿ ವಕೀಲಿ ಮಾಡಿದವರು, ಕೊನೆಯ ದಿನಗಳನ್ನೂ ಅಲ್ಲಿಯೇ ಕಳೆದವರು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ಕೆಲಸವೂ ನೆಲೆಯೂ ಸಿಕ್ಕಿತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು ಸಿಂಧನೂರಿನ ಕ್ಯಾಂಪುಗಳಲ್ಲಿ ನೆಲೆಸಿದರು. ಇವರೆಲ್ಲರ ಮಕ್ಕಳು, ಮೊಮ್ಮಕ್ಕಳು ಇವತ್ತು ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ, ಮನೆಯಲ್ಲಿ ತಮ್ಮ ಮಾತನ್ನೂ ಆಡುತ್ತಾರೆ. ಈ ಎರಡನೆಯ ಸಂಗತಿಯ ಮೇಲೆ ನಾನು ಇವತ್ತು ಹೆಚ್ಚು ಒತ್ತು ಕೊಡಬೇಕೆಂದಿದ್ದೇನೆ. ಹಳೆಯದನ್ನು ಬಿಡಿಸದೆ ಹೊಸದನ್ನು ಕೊಟ್ಟಾಗ ಮಾತ್ರ ಮಗು ಹೊಸ ಊರಿನಲ್ಲಿ ನೆಲೆ ನಿಲ್ಲುತ್ತದೆ ಎಂಬುದು ನನ್ನ ಅನುಭವದ ತಿಳಿವಳಿಕೆ.

ಈಗ ನಮ್ಮ ಊರಿನ ಮಾತಿಗೆ ಬರೋಣ. ದಾವಣಗೆರೆಯ ಶಾಲೆಗಳಿಗೆ ಯುದ್ಧದಿಂದ ಓಡಿಬಂದ ಮಗು ಸೇರುವುದು ಅಪರೂಪ. ಆದರೆ ರೈಸ್ ಮಿಲ್ಲುಗಳಲ್ಲಿ ಹಮಾಲಿ ಮಾಡುವ ಬಿಹಾರದವರ ಮಕ್ಕಳು, ಗಾರೆ ಕೆಲಸಕ್ಕೆ ಬಂದ ಉತ್ತರ ಪ್ರದೇಶ, ಒಡಿಶಾದವರ ಮಕ್ಕಳು, ರಾತ್ರಿ ಕಾವಲು ಕಾಯುವ ನೇಪಾಳಿ ಕುಟುಂಬಗಳ ಮಕ್ಕಳು, ಕಲ್ಯಾಣ ಕರ್ನಾಟಕದ ಕಡೆಯಿಂದ ಗುಳೆ ಬಂದು ಶೆಡ್ಡುಗಳಲ್ಲಿ ಇರುವವರ ಮಕ್ಕಳು ನಮ್ಮ ಶಾಲೆಗಳ ಆಸುಪಾಸಿನಲ್ಲೇ ಇದ್ದಾರೆ. ಇತ್ತ ನಮ್ಮದೇ ತಾಂಡಾಗಳ ಮಕ್ಕಳು ತಂದೆತಾಯಿಯ ಹಿಂದೆ ಕಾಫಿ ಸೀಮೆಗೆ, ಕಬ್ಬು ಕಡಿಯುವ ಸೀಮೆಗೆ ಹೋಗಿ ಅಲ್ಲಿ ಹೊರಗಿನವರಾಗಿ ನಿಲ್ಲುತ್ತಾರೆ. ಇವರೆಲ್ಲರೂ ನಿರಾಶ್ರಿತರೇ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಮನೆ ಸುಟ್ಟು ಹೋಗುವುದನ್ನು ಕಣ್ಣಾರೆ ಕಂಡ, ಮತ್ತೆಂದೂ ಊರಿಗೆ ಮರಳಲಾಗದ ಮಗುವಿನ ನೋವನ್ನು ಹಗುರ ಮಾಡಿದಂತಾಗುತ್ತದೆ. ಆದರೂ ಹೊಸ ಶಾಲೆಯ ಮೊದಲ ದಿನ, ಸುತ್ತಲಿನವರ ಮಾತು ಒಂದಕ್ಷರವೂ ತಿಳಿಯದೆ ಕಡೆಯ ಸಾಲಿನಲ್ಲಿ ಕೂತಿರುವ ಮಗುವಿಗೆ ಬೇಕಾಗಿರುವುದು ಬಹುಮಟ್ಟಿಗೆ ಎಲ್ಲ ಕಡೆಯೂ ಒಂದೇ. ಬಿಹಾರದ ಮಗುವನ್ನು ಚೆನ್ನಾಗಿ ಬರಮಾಡಿಕೊಳ್ಳಲು ಕಲಿತ ಶಾಲೆಯು ನಾಳೆ ಯಾವುದೇ ದೇಶದ ಮಗು ಬಂದರೂ ಕಂಗೆಡುವುದಿಲ್ಲ.

ಮೊದಲು ಬಾಗಿಲಿನ ವಿಚಾರ. ಟಿ.ಸಿ. ಎಲ್ಲಿ, ಆಧಾರ್ ಎಲ್ಲಿ, ಜನನ ಪ್ರಮಾಣ ಪತ್ರ ಎಲ್ಲಿ ಎಂಬ ಮೂರು ಪ್ರಶ್ನೆಗಳಲ್ಲೇ ಎಷ್ಟೋ ಮಕ್ಕಳ ಶಾಲೆ ಮುಗಿದುಹೋಗುತ್ತದೆ. ಕೇಳುವವರಿಗೆ ಕೆಟ್ಟ ಉದ್ದೇಶವಿರುವುದಿಲ್ಲ, ನಿಯಮ ಹಾಗೆಯೇ ಇದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿರುತ್ತಾರೆ. ನಿಯಮ ಹಾಗಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್, ವರ್ಗಾವಣೆ ಪತ್ರ ತರಲು ತಡವಾಯಿತೆಂಬ ಕಾರಣಕ್ಕೆ ದಾಖಲಾತಿಯನ್ನು ತಡೆಯಬಾರದು, ನಿರಾಕರಿಸಲೂಬಾರದು ಎನ್ನುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ ಎಂದು 14ನೇ ಸೆಕ್ಷನ್ ಹೇಳುತ್ತದೆ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕೆಂಬುದು 15ನೇ ಸೆಕ್ಷನ್. 4ನೇ ಸೆಕ್ಷನ್ ಪ್ರಕಾರ ಹತ್ತು ವರ್ಷದ ಮಗುವಿಗೆ ಅಕ್ಷರ ಬಾರದಿದ್ದರೂ ಅದನ್ನು ಒಂದನೇ ತರಗತಿಯ ಪುಟಾಣಿಗಳ ನಡುವೆ ಕೂರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಖಾತ್ರಿಪಡಿಸುವ ಹೊಣೆಯನ್ನು 9ನೇ ಸೆಕ್ಷನ್ ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದೆ. ಭಾರತವು 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ ಎಂಬುದು ನಿಜ. ಆದರೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು 1992ರಲ್ಲಿ ಒಪ್ಪಿಕೊಂಡಿದೆ, ಅದರ 22ನೇ ವಿಧಿ ನಿರಾಶ್ರಿತ ಮಗುವಿನ ರಕ್ಷಣೆಯ ಕುರಿತಾದದ್ದೇ. ಶಿಕ್ಷಣದ ವಿಷಯದಲ್ಲಿ ಯಾವ ಮಗುವಿಗೂ ತಾರತಮ್ಯವಾಗಬಾರದು ಎಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾ ಸಮುದಾಯದ ಮಕ್ಕಳ ಶಾಲಾ ಪ್ರವೇಶದ ಪ್ರಕರಣದಲ್ಲಿ. ದೊಡ್ಡವರ ಪೌರತ್ವ, ಪರವಾನಗಿಗಳ ಪ್ರಶ್ನೆಗಳನ್ನು ತೀರ್ಮಾನಿಸಲು ಬೇರೆ ಕಚೇರಿಗಳಿವೆ. ಮುಖ್ಯ ಶಿಕ್ಷಕರ ಮೇಜು ಆ ತೀರ್ಮಾನದ ಜಾಗವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಾಗಿಲು ದಾಟಿ ಒಳಗೆ ಬಂದ ಮೇಲಿನದ್ದು ನಿಜವಾದ ಕೆಲಸ. ನಾನು ಹತ್ತಿರದಿಂದ ಕಂಡ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ತಂದೆ ರೈಸ್ ಮಿಲ್ಲಿನಲ್ಲಿ ಹಮಾಲಿ, ಬಿಹಾರದ ಮಧುಬನಿ ಕಡೆಯವರು. ಮೂರನೇ ತರಗತಿಗೆ ಸೇರಿದ ಆ ಮಗು ದಸರೆ ಕಳೆದು ದೀಪಾವಳಿ ಬಂದರೂ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ದಾಖಲಾತಿ ಪುಸ್ತಕದಲ್ಲಿ ಮಾತೃಭಾಷೆ ಹಿಂದಿ ಎಂದು ಬರೆದಿದ್ದರು. ಹಿಂದಿ ಬಲ್ಲ ಶಿಕ್ಷಕಿಯೊಬ್ಬರು ಹಿಂದಿಯಲ್ಲಿ ಮಾತನಾಡಿಸಿದರೂ ತಲೆಯಾಡಿಸುವುದರ ಹೊರತು ಉತ್ತರವಿರಲಿಲ್ಲ. ಮನೆಯಲ್ಲಿ ಆಡುವುದು ಮೈಥಿಲಿ ಎಂಬುದು ತಾಯಿಯನ್ನು ಕರೆಸಿ ಮಾತನಾಡಿದ ಮೇಲಷ್ಟೇ ತಿಳಿಯಿತು. ಮಗುವಿಗೆ ಬುದ್ಧಿ ಮಂದವಿರಬಹುದೇ ಎಂಬ ಮಾತು ಶಿಕ್ಷಕರ ಕೊಠಡಿಯಲ್ಲಿ ಕೇಳಿಬರತೊಡಗಿತ್ತು. ಆಟದ ಬಯಲಿನಲ್ಲಿ ಮಾತ್ರ ಅವಳು ಕುಂಟೆಬಿಲ್ಲೆಯ ಮನೆಗಳ ಪಕ್ಕ ನಿಂತು, ಯಾರ ಕಾಲು ಎಲ್ಲಿ ಬೀಳುತ್ತದೆಂದು ಕಣ್ಣು ಕೀಳದೆ ನೋಡುತ್ತಿದ್ದಳು. ಆಮೇಲೆ ಆಟಕ್ಕೂ ಸೇರಿಕೊಂಡಳು. ಒಂದು ದಿನ ಎದುರಾಳಿಯ ಕಾಲು ಗೆರೆಗೆ ತಾಗಿದ್ದೇ ತಡ, “ಗೆರೆ ತುಳ್ದೆ, ಗೆರೆ ತುಳ್ದೆ!” ಎಂದು ಕೂಗಿಬಿಟ್ಟಳು. ಅವಳ ಬಾಯಿಂದ ಬಂದ ಮೊದಲ ಕನ್ನಡ ಅದು. ನಮ್ಮ ಕೇರಿಯ ಮಕ್ಕಳ ಉಚ್ಚಾರಣೆಯೇ, ಅದೇ ಜಗಳದ ದನಿಯೇ. ಅಲ್ಲಿದ್ದ ಶಿಕ್ಷಕಿ ಓಡಿಹೋಗಿ ಅವಳನ್ನು ಹೊಗಳಲಿಲ್ಲ, ತರಗತಿಯ ಮುಂದೆ ನಿಲ್ಲಿಸಿ ಮತ್ತೊಮ್ಮೆ ಹೇಳಿಸಲೂ ಇಲ್ಲ, ಆಟವನ್ನು ಅದರ ಪಾಡಿಗೆ ಬಿಟ್ಟರು. ಆ ಸಂಯಮಕ್ಕೆ ನಾನು ಇಂದಿಗೂ ಗೌರವ ಕೊಡುತ್ತೇನೆ.

ಹೊಸ ಭಾಷೆಯ ನಡುವೆ ಬಂದ ಮಗು ಹೀಗೆ ಕೆಲ ಕಾಲ ಸುಮ್ಮನಿರುವುದು ರೋಗವಲ್ಲ, ಹಟವೂ ಅಲ್ಲ. ಕಿವಿ ಕೆಲಸ ಮಾಡುತ್ತಿದೆ, ನಾಲಿಗೆ ಇನ್ನೂ ಕಾಯುತ್ತಿದೆ ಎಂದಷ್ಟೇ ಅದರ ಅರ್ಥ. ಆ ಅವಧಿಯಲ್ಲಿ ಎದ್ದು ನಿಲ್ಲಿಸಿ ಓದಿಸುವುದು, ತಪ್ಪು ಉಚ್ಚಾರಣೆಗೆ ತರಗತಿಯೇ ನಗುವಂತೆ ಮಾಡುವುದು, ಉತ್ತರಿಸದಿದ್ದುದಕ್ಕೆ ದಂಡಿಸುವುದು ಬಹಳ ಹಾನಿ ಮಾಡುತ್ತವೆ. ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ ಎಂಬುದು ನೆನಪಿರಲಿ. ಹಾಡು, ಆಟ, ಚಿತ್ರ, ಎಲ್ಲರೂ ಒಟ್ಟಿಗೆ ಹೇಳುವ ಪದ್ಯ, ಪಕ್ಕದಲ್ಲಿ ಕೂರುವ ತಾಳ್ಮೆಯ ಒಬ್ಬ ಜೊತೆಗಾತಿ ಇದ್ದರೆ ಈ ಹೊತ್ತಿನ ಅಗತ್ಯದ ಬಹುಪಾಲು ತೀರಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಒಂದರಿಂದ ಮೂರನೇ ತರಗತಿಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ–ಕಲಿ ಪದ್ಧತಿಯನ್ನು ನಾವು ನಡುವೆ ಬಂದ ಮಗುವಿಗೆ ಸಿಕ್ಕ ವರವೆಂದೇ ಭಾವಿಸಬೇಕು. ಅಲ್ಲಿ ಇಡೀ ತರಗತಿ ಒಂದೇ ಪುಟದಲ್ಲಿ ಇರಬೇಕಾಗಿಲ್ಲ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲಿನಿಂದ ಮುಂದಕ್ಕೆ ಹೋಗುತ್ತದೆ, ಶಿಕ್ಷಕರ ನೆರವಿನ ಗುಂಪಿನಿಂದ ಗೆಳೆಯರ ನೆರವಿನ ಗುಂಪಿಗೆ, ಅಲ್ಲಿಂದ ಸ್ವಕಲಿಕೆಗೆ ಸಾಗುತ್ತದೆ. ಜೂನ್‌ನಲ್ಲಿ ಸೇರಿದ ಮಗುವಿಗೂ ನವೆಂಬರ್‌ನಲ್ಲಿ ಬಂದ ಮಗುವಿಗೂ ಅಲ್ಲಿ ಜಾಗವಿದೆ. ಕಷ್ಟ ಶುರುವಾಗುವುದು ನಾಲ್ಕನೇ ತರಗತಿಯಿಂದ ಮೇಲೆ.

ಅದಕ್ಕೆ ಕಾರಣವೂ ಉಂಟು. ಕೆನಡಾದಲ್ಲಿ ವಲಸೆ ಬಂದ ಮಕ್ಕಳ ಕಲಿಕೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಭಾಷಾ ವಿದ್ವಾಂಸ ಜಿಮ್ ಕಮ್ಮಿನ್ಸ್ ಅವರು, ಹೊಸ ಭಾಷೆಯಲ್ಲಿ ದಿನಬಳಕೆಯ ಮಾತು ಒಂದೆರಡು ವರ್ಷಗಳಲ್ಲಿ ಕೈಗೂಡಿದರೂ ಪಾಠದ ಭಾಷೆಯಲ್ಲಿ ಓರಗೆಯವರನ್ನು ಸರಿಗಟ್ಟಲು ಐದರಿಂದ ಏಳು ವರ್ಷಗಳೇ ಬೇಕಾಗಬಹುದೆಂದು ತೋರಿಸಿದರು. ಆಟದ ಬಯಲಿನಲ್ಲಿ ಪಟಪಟನೆ ಕನ್ನಡ ಮಾತನಾಡುವ ಮಗು ವಿಜ್ಞಾನದ ಪಾಠದ ‘ದ್ಯುತಿಸಂಶ್ಲೇಷಣೆ’ಯ ಮುಂದೆ ತಡವರಿಸಿದರೆ, ಕನ್ನಡ ಬರುತ್ತದಲ್ಲ, ಓದುವ ಮನಸ್ಸಿಲ್ಲ ಅಷ್ಟೆ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಆ ಮಗುವಿಗೆ ಆಗ ಬೇಕಿರುವುದು ಇನ್ನೂ ಮೂರ್ನಾಲ್ಕು ವರ್ಷಗಳ ಒತ್ತಾಸೆ.

ಇನ್ನೊಂದು ಮಾತು. ಪೋಷಕರ ಸಭೆಯಲ್ಲಿ ಇಂಥ ತಾಯಂದಿರಿಗೆ “ಮನೆಯಲ್ಲೂ ಮಗುವಿನ ಜೊತೆ ಕನ್ನಡವನ್ನೇ ಮಾತಾಡಿ” ಎಂದು ನಾವು ಹೇಳುವುದುಂಟು. ದಯವಿಟ್ಟು ಹಾಗೆ ಹೇಳಬೇಡಿ. ತನಗೇ ಬಾರದ ಭಾಷೆಯಲ್ಲಿ ತಾಯಿ ಮಗುವಿಗೆ ಏನನ್ನು ಹೇಳಬಲ್ಲಳು? ಬಾ, ತಿನ್ನು, ಮಲಗು ಎಂಬುದರ ಆಚೆಗೆ ಮಾತು ನಿಂತೇಹೋಗುತ್ತದೆ. ಕಥೆ, ಗಾದೆ, ಸಮಾಧಾನ, ಬೈಗುಳ, ಅಜ್ಜಿಯ ನೆನಪು ಎಲ್ಲವೂ ಮನೆಯಿಂದ ಹೊರಟುಹೋಗುತ್ತವೆ. ಮನೆಮಾತಿನಲ್ಲಿ ಚೆನ್ನಾಗಿ ಯೋಚಿಸಲು ಕಲಿತ ಮಗುವೇ ಎರಡನೆಯ ಭಾಷೆಯನ್ನು ಗಟ್ಟಿಯಾಗಿ ಕಲಿಯುತ್ತದೆ. ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಸಾಕ್ಷಿಯಿದೆ. ತಾಂಡಾಗಳಿಂದ ಲಂಬಾಣಿ ಮಾತನ್ನಷ್ಟೇ ಹೊತ್ತು ಕನ್ನಡ ಶಾಲೆಗೆ ಬಂದವರು ಇಂದು ಕನ್ನಡದಲ್ಲೇ ಪಾಠ ಹೇಳುವ ಶಿಕ್ಷಕರಾಗಿದ್ದಾರೆ; ಈ ಸಭೆಯಲ್ಲೂ ಕೆಲವರಿದ್ದೀರಿ, ಮನೆಯಲ್ಲಿ ತಾಯಿಯೊಂದಿಗೆ ನೀವು ಯಾವ ಮಾತನಾಡುತ್ತೀರಿ ಎಂಬುದು ನಿಮಗೇ ಗೊತ್ತು. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗು ಫೋನಿನಲ್ಲಿ “ಅಜ್ಜಿ, ಊಟ ಆಯ್ತಾ” ಎಂದಾಗ ನಮಗೆಷ್ಟು ಜೀವ ಬಂದಂತಾಗುತ್ತದೆ! ಅಲ್ಲಿಯ ಶಾಲೆ ಆ ಮಗುವಿನ ಕನ್ನಡವನ್ನು ಉಳಿಸಲಿ ಎಂದು ಬಯಸುವ ನಾವು ಇಲ್ಲಿಗೆ ಬಂದ ಮಗುವಿನ ಮೈಥಿಲಿಗೂ ನೇಪಾಳಿಗೂ ಅಷ್ಟೇ ಮನ್ನಣೆ ಕೊಡಬೇಕು.

ಹಾಗಾದರೆ ಇವರಿಗೆ ಬೇರೆಯೇ ಶಾಲೆ ಬೇಕೇ ಎಂದು ಕೇಳುವವರಿದ್ದಾರೆ. ಟಿಬೆಟನ್ ಮಕ್ಕಳ ಶಾಲೆಗಳಿಗಾಗಿ ಕೇಂದ್ರ ಸರ್ಕಾರ 1961ರಲ್ಲಿ ಪ್ರತ್ಯೇಕ ಸಂಸ್ಥೆಯನ್ನೇ ಸ್ಥಾಪಿಸಿತು, ಅದು ಸರಿಯಾಗಿಯೇ ಇತ್ತು. ಏಕೆಂದರೆ ಅಲ್ಲಿ ಇಡೀ ಸಮುದಾಯವೇ ಒಟ್ಟಾಗಿ ಬಂದು ನೆಲೆಸಿತ್ತು, ತಮ್ಮ ಭಾಷೆಯನ್ನು ಕಲಿಸಬಲ್ಲ ಗುರುಗಳೂ ಅವರ ಜೊತೆಗಿದ್ದರು. ಟರ್ಕಿ ದೇಶವು ಸಿರಿಯಾದ ಮಕ್ಕಳಿಗೆ ಮೊದಲು ಅರಬ್ಬಿ ಮಾಧ್ಯಮದ ತಾತ್ಕಾಲಿಕ ಕೇಂದ್ರಗಳನ್ನು ತೆರೆದು, 2016ರಿಂದ ಹಂತಹಂತವಾಗಿ ಅವರನ್ನು ತನ್ನ ಸಾಮಾನ್ಯ ಶಾಲೆಗಳಿಗೆ ಸೇರಿಸಿಕೊಂಡಿತು. ನಮ್ಮಲ್ಲಿ ಒಂದು ತರಗತಿಗೆ ಒಂದೋ ಎರಡೋ ಇಂಥ ಮಕ್ಕಳಿರುವಾಗ ಅವರನ್ನು ಬೇರೆ ಕೂರಿಸಿದರೆ ಆಗುವುದು ಒಂಟಿತನ ಮಾತ್ರ. ಟೆಂಟ್ ಶಾಲೆಗಳು ಕೆಲಸದ ಜಾಗದ ಬಳಿ ತಕ್ಷಣಕ್ಕೆ ಉಪಯುಕ್ತ, ಆದರೆ ಅವು ಊರಿನ ಶಾಲೆಗೆ ಹೋಗುವ ದಾರಿಯಾಗಬೇಕೇ ಹೊರತು ಅದರ ಬದಲಿಯಾಗಬಾರದು.

ಇನ್ನು ಮನಸ್ಸಿನ ಗಾಯದ ವಿಷಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳ ಮನಸ್ಸನ್ನು ಅಧ್ಯಯನ ಮಾಡಿದ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಮಕ್ಕಳಿಗಾಗಿ ಶಿಶುಗೃಹಗಳನ್ನು ನಡೆಸಿದರು. ಆನಾ ಫ್ರಾಯ್ಡ್ ಸ್ವತಃ 1938ರಲ್ಲಿ ನಾಜಿಗಳ ಕಾಟದಿಂದ ತಂದೆ ಸಿಗ್ಮಂಡ್ ಫ್ರಾಯ್ಡ್ ಅವರೊಡನೆ ವಿಯೆನ್ನಾ ಬಿಟ್ಟು ಬಂದವರು. ಬಾಂಬುಗಳು ಬೀಳುತ್ತಿದ್ದಾಗಲೂ ತಾಯಿಯ ಮಗ್ಗುಲಲ್ಲಿದ್ದ ಮಕ್ಕಳು ಬಹುಮಟ್ಟಿಗೆ ತಡೆದುಕೊಂಡರು, ಸುರಕ್ಷಿತ ಜಾಗಕ್ಕೆಂದು ತಾಯಿಯಿಂದ ಬೇರ್ಪಡಿಸಿದ ಮಕ್ಕಳೇ ಹೆಚ್ಚು ಕುಸಿದರು ಎಂಬುದು ಅವರು ಕಂಡುಕೊಂಡ ಸಂಗತಿ. ಇದರಿಂದ ನಮಗೆ ತಿಳಿಯುವುದು, ಮಗುವಿಗೆ ಸಹಾಯ ಮಾಡುವುದೆಂದರೆ ಬಹಳಷ್ಟು ಸಲ ಅದರ ತಾಯಿಗೆ ಸಹಾಯ ಮಾಡುವುದೇ ಎಂದು. ಪಡಿತರ ಎಲ್ಲಿ ಸಿಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಎಲ್ಲಿ ಮಾಡಿಸಬೇಕು, ಚುಚ್ಚುಮದ್ದು ಯಾವ ದಿನ, ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಾರಾದರೂ ಜೊತೆಗೆ ನಿಂತು ತೋರಿಸಿದರೆ ಆ ಮನೆಯ ಗಾಬರಿ ಅರ್ಧ ಇಳಿಯುತ್ತದೆ. ಮಗು ರಾತ್ರಿ ನಿದ್ದೆ ಮಾಡುತ್ತದೆ. ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಈ ಕೆಲಸವನ್ನು ಯಾರೂ ಹೇಳದೆಯೇ ಮಾಡುತ್ತಿದ್ದಾರೆ.

ತೀವ್ರ ಭಯವನ್ನು ಕಂಡು ಬಂದ ಮಗುವನ್ನು “ಅಲ್ಲಿ ಏನಾಯಿತು, ಹೇಳು” ಎಂದು ಕೆದಕಬಾರದು. ಅದು ತಾನಾಗಿ ಹೇಳಿದರೆ ಕೇಳಬೇಕು, ಬಿಡಿಸಿದ ಚಿತ್ರದಲ್ಲಿ ಹೇಳಿದರೆ ನೋಡಬೇಕು, ಅಷ್ಟೆ. ದಿನವೂ ಅದೇ ಹೊತ್ತಿಗೆ ಗಂಟೆ, ಅದೇ ಜಾಗ, ಅದೇ ಮುಖದ ಶಿಕ್ಷಕಿ, ಅದೇ ಹೊತ್ತಿಗೆ ಬಿಸಿಯೂಟ: ಮುಂದೇನಾಗುತ್ತದೆ ಎಂದು ತಿಳಿದಿರುವ ಈ ನೆಮ್ಮದಿಯೇ ಹಲವು ಮಕ್ಕಳಿಗೆ ಸಾಕಾಗುತ್ತದೆ. ಆದರೆ ತಿಂಗಳುಗಳು ಕಳೆದರೂ ಮಗು ಸಣ್ಣ ಸದ್ದಿಗೆ ಬೆಚ್ಚುತ್ತಿದ್ದರೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದರೆ, ಯಾರೊಂದಿಗೂ ಆಡದಿದ್ದರೆ ಅಥವಾ ಕಾರಣವಿಲ್ಲದೆ ಹೊಡೆಯುತ್ತಿದ್ದರೆ ತಡಮಾಡದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸಬೇಕು. ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್ ಸಹಾಯವಾಣಿ 14416 ಮತ್ತು ಮಕ್ಕಳ ಸಹಾಯವಾಣಿ 1098 ಪ್ರತಿ ಶಾಲೆಯ ಗೋಡೆಯ ಮೇಲೂ ಇರಬೇಕು.

ಮಕ್ಕಳು ದೊಡ್ಡವರಿಗಿಂತ ಬೇಗ ಭಾಷೆ ಕಲಿಯುವುದರಿಂದ ಮನೆಯ ದುಭಾಷಿಗಳೂ ಅವರೇ ಆಗಿಬಿಡುತ್ತಾರೆ. ಬಾಡಿಗೆ ಮಾತುಕತೆಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಶಾಲೆ ಬಿಡಿಸಿ ಕರೆದೊಯ್ಯುತ್ತಾರೆ. ತಾಯಿಯ ಗರ್ಭಕೋಶದ ತೊಂದರೆಯನ್ನು ಹತ್ತು ವರ್ಷದ ಮಗ ವೈದ್ಯರಿಗೆ ಕನ್ನಡದಲ್ಲಿ ವಿವರಿಸಬೇಕಾದ ಸ್ಥಿತಿ ಆ ತಾಯಿಗೂ ಮಗನಿಗೂ ಎಂಥ ಮುಜುಗರದ್ದೆಂದು ಯೋಚಿಸಿ. ಆ ಭಾಷೆ ಬಲ್ಲ ದೊಡ್ಡವರೊಬ್ಬರ ಫೋನ್ ನಂಬರನ್ನು, ಅವರ ಒಪ್ಪಿಗೆ ಪಡೆದು, ಶಾಲೆಯೋ ಅಂಗನವಾಡಿಯೋ ಇಟ್ಟುಕೊಂಡಿದ್ದರೆ ಈ ಹೊರೆಯನ್ನು ಮಗುವಿನ ತಲೆಯಿಂದ ಇಳಿಸಬಹುದು. ಶಾಲೆಗೆ ಸತತವಾಗಿ ಗೈರಾಗುವ ಮಗುವನ್ನು ಗದರಿಸುವ ಮೊದಲು ಅದು ಎಲ್ಲಿಗೆ ಹೋಗಿತ್ತು ಎಂದು ವಿಚಾರಿಸುವುದು ಒಳ್ಳೆಯದು.

ನಾನು ಹೇಳಿದ ಆ ಹುಡುಗಿ ಬಿಸಿಯೂಟದ ಮೊಟ್ಟೆಯನ್ನು ತಿನ್ನದೆ ಲಂಗದ ಜೇಬಿಗೆ ಹಾಕಿಕೊಳ್ಳುತ್ತಿದ್ದುದನ್ನು ಮೊದಲು ಗಮನಿಸಿದವರು ಅಡುಗೆಯ ಅಕ್ಕ. ಕದಿಯುತ್ತಾಳೆ ಎಂದು ಯಾರೋ ಅಂದರು. ಅಕ್ಕ ಸುಮ್ಮನೆ ಹಿಂದೆ ಹೋಗಿ ನೋಡಿದರೆ ಕಾಂಪೌಂಡಿನ ಹೊರಗೆ ಮೂರು ವರ್ಷದ ತಮ್ಮ ಕಾಯುತ್ತ ನಿಂತಿದ್ದ. ತಾಯಿ ಕೂಲಿಗೆ ಹೋದ ಮೇಲೆ ಅವನಿಗೆ ಇವಳೇ ದಿಕ್ಕು. ಆ ವಾರವೇ ಅವನ ಹೆಸರು ಪಕ್ಕದ ಅಂಗನವಾಡಿಯಲ್ಲಿ ದಾಖಲಾಯಿತು, ಇವಳು ತನ್ನ ಮೊಟ್ಟೆಯನ್ನು ತಾನು ತಿನ್ನತೊಡಗಿದಳು, ಹಾಜರಾತಿಯೂ ಸರಿಹೋಯಿತು. ಇದಕ್ಕೆ ಯಾವ ಯೋಜನೆಯೂ ಬೇಕಾಗಲಿಲ್ಲ.

ಉಳಿದ ಮಕ್ಕಳ ಬಗ್ಗೆಯೂ ಹೇಳಬೇಕು. ಹೊಸಬರಿಗೆ ‘ಬಿಹಾರಿ’, ‘ಗೂರ್ಖಾ’ ಎಂದು ಅಡ್ಡಹೆಸರಿಟ್ಟು ಕರೆಯುವುದನ್ನು ಮಕ್ಕಳು ದೊಡ್ಡವರಿಂದಲೇ ಕಲಿಯುತ್ತಾರೆ. ಹಾಜರಿ ಕೂಗುವಾಗ ಶಿಕ್ಷಕರು ಆ ಮಗುವಿನ ಹೆಸರನ್ನು, ಅದರ ತಾಯಿ ಕರೆಯುವ ಹಾಗೆಯೇ, ತಪ್ಪಿಲ್ಲದೆ ಕರೆದರೆ ತರಗತಿಯೂ ಹಾಗೆಯೇ ಕರೆಯುತ್ತದೆ. ಮನೆ ಬಾಡಿಗೆ ಕೊಡುವವರು, ಕಿರಾಣಿ ಅಂಗಡಿಯವರು, ಓಣಿಯ ಅಜ್ಜಿಯರು ಆಡುವ ಒಂದೊಂದು ಮಾತೂ ಆ ಮಗುವಿನ ಕಿವಿಗೆ ಬೀಳುತ್ತದೆ. ದುರ್ಗಮ್ಮನ ಜಾತ್ರೆಗೆ ಪಕ್ಕದ ಮನೆಯ ಮಕ್ಕಳ ಜೊತೆ ಆ ಮಗುವನ್ನೂ ಕರೆದೊಯ್ಯಿರಿ. ಬಿಹಾರದವರ ಛಠ್ ಹಬ್ಬದ ದಿನ ಅವರು ಕೊಟ್ಟದ್ದನ್ನು ನಿಮ್ಮ ಮಕ್ಕಳೂ ತಿನ್ನಲಿ.

ಕೊನೆಯದಾಗಿ, ಇಲ್ಲಿರುವ ಮುಖ್ಯ ಶಿಕ್ಷಕರಲ್ಲಿ ಒಂದು ವಿನಂತಿ. ಇಂಥ ಕುಟುಂಬಗಳು ಬರುವಂತೆಯೇ ಹೋಗುತ್ತವೆ, ಅನೇಕ ಸಲ ಒಂದು ರಾತ್ರಿಯಲ್ಲೇ. ಹೋಗುವವರು ಕೇಳಿದ ಕೂಡಲೇ ವರ್ಗಾವಣೆ ಪತ್ರ ಕೊಡಬೇಕೆಂದು ಅದೇ 5ನೇ ಸೆಕ್ಷನ್ ಹೇಳುತ್ತದೆ. ನಾಳೆ ಬನ್ನಿ ಎಂದರೆ ನಾಳೆ ಅವರು ಊರಲ್ಲಿರುವುದಿಲ್ಲ. ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಆ ವಿದ್ಯಾರ್ಥಿಯನ್ನು ಗುರುತಿಸುವ ಸ್ಯಾಟ್ಸ್ ಸಂಖ್ಯೆಯನ್ನು ದೊಡ್ಡ ಅಂಕಿಗಳಲ್ಲಿ ಬರೆದು ಕೊಡಿ. ಅದರ ಜೊತೆಗೆ ಒಂದು ಹಾಳೆಯಲ್ಲಿ, ಈ ಮಗು ಮನೆಯಲ್ಲಿ ಆಡುವ ಮಾತು ಇದು, ಓದುವುದರಲ್ಲಿ ಇಲ್ಲಿಯವರೆಗೆ ಬಂದಿದೆ, ಲೆಕ್ಕ ಇಷ್ಟು ಬರುತ್ತದೆ, ಇಂಥದ್ದಕ್ಕೆ ಹೆದರುತ್ತದೆ, ಇಂಥ ಆಟ ಇಷ್ಟ ಎಂದು ನಾಲ್ಕು ಸಾಲು ಬರೆದು ಸಹಿ ಮಾಡಿ ತಾಯಿಯ ಕೈಗೆ ಕೊಡಿ. ಮುಂದಿನ ಊರಿನ ಶಿಕ್ಷಕರಿಗೆ ಕನ್ನಡ ಬಾರದಿರಬಹುದು, ಆದ್ದರಿಂದ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಅದನ್ನೇ ಕೆಳಗೆ ಬರೆದುಬಿಡಿ. ನಿಮ್ಮ ಶಾಲೆಯ ಫೋನ್ ನಂಬರೂ ಅದರಲ್ಲಿರಲಿ, ಅವರು ಕರೆ ಮಾಡಿದಾಗ ಎತ್ತಿ ಮಾತನಾಡಿ.